ಬೂದಿಯೇ ಬೆಟ್ಟವಾದ ಡೈಮಂಡ್ ಹೆಡ್

ಹವಾಯಿಯ ಹೊನೊಲುಲು ನಗರಕ್ಕೆ ಹೋದವರಿಗೆ ವೈಕೀಕಿ ಕಡಲತೀರದ ಹೋಟೆಲು ಸಾಲಿನ ಆಚೆ ಕಂದು ಬಣ್ಣದ ಬೆಟ್ಟವೊಂದು ಎದ್ದು ಕಾಣುತ್ತದೆ. ಅಲ್ಲಿನ ಮೂಲನಿವಾಸಿಗಳಿಗೆ ಅದು ಲೇಅಹಿ, ಪ್ರವಾಸಿಗರಿಗೆ ಡೈಮಂಡ್ ಹೆಡ್. ಎತ್ತರ 232 ಮೀಟರ್ ಅಷ್ಟೇ. ಬೆಳಿಗ್ಗೆ ಹತ್ತಿದರೆ ಊಟದ ಹೊತ್ತಿಗೆ ಮೊದಲೇ ಇಳಿದುಬಿಡಬಹುದು. ಆದರೂ ಇಷ್ಟು ಚಿಕ್ಕ ಚಾರಣದಲ್ಲಿ ಜ್ವಾಲಾಮುಖಿಯೊಂದರ ಹುಟ್ಟನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಬೆಟ್ಟಗಳು ವಿರಳ.

ಓಅಹು ದ್ವೀಪದ ಈ ಭಾಗವನ್ನು ಕಟ್ಟಿದ್ದು ಕೊಓಲೌ ಎಂಬ ಹಿರಿಯ ಜ್ವಾಲಾಮುಖಿ. ಅದು ತಣ್ಣಗಾಗಿ ಹತ್ತು ಲಕ್ಷಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಅದರ ಅಂಚಿನಲ್ಲಿ ಮತ್ತೆ ಅಲ್ಲಲ್ಲಿ ಬೆಂಕಿ ಕಾಣಿಸಿಕೊಂಡಿತು. ಡೈಮಂಡ್ ಹೆಡ್ ಹುಟ್ಟಿದ್ದು ಆಗಲೇ, ಸುಮಾರು 3ರಿಂದ 5 ಲಕ್ಷ ವರ್ಷಗಳ ಹಿಂದೆ. ಮೇಲೇರುತ್ತಿದ್ದ ಶಿಲಾಪಾಕಕ್ಕೆ ಕರಾವಳಿಯ ನೀರು ತಾಗಿತು. ನೀರು ಕ್ಷಣದಲ್ಲಿ ಆವಿಯಾಗಿ ಸಿಡಿಯಿತು. ಶಿಲಾಪಾಕ ನುಚ್ಚುನೂರಾಗಿ ಬೂದಿಯಾಯಿತು. ಆ ಬೂದಿ ಬಾಯಿಯ ಸುತ್ತ ಉಂಗುರದಂತೆ ಬಿದ್ದು, ಕಾಲಕ್ರಮೇಣ ಗಟ್ಟಿಗೊಂಡು ಟಫ್ ಎಂಬ ಕಲ್ಲಾಯಿತು. ಹೀಗಾಗಿ ಬೆಟ್ಟಕ್ಕೆ ಚೂಪು ಶಿಖರವಿಲ್ಲ. ಒಂದು ಕಿಲೋಮೀಟರಿಗೂ ಮಿಕ್ಕಿ ಅಗಲದ ಕುಳಿ, ಅದರ ಸುತ್ತ ಏರು ಅಂಚು. ನೈರುತ್ಯದ ಅಂಚೇ ಎಲ್ಲಕ್ಕಿಂತ ಎತ್ತರ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ ಬೂದಿಯನ್ನು ಅತ್ತಲೇ ತಳ್ಳಿತ್ತು. ಸಾವಿರಾರು ಶತಮಾನಗಳ ಹಿಂದೆ ಗಾಳಿ ಬೀಸಿದ ದಿಕ್ಕು ಇಂದಿಗೂ ಬೆಟ್ಟದ ಆಕಾರದಲ್ಲಿ ಉಳಿದಿದೆ!

ಇಂಥ ಜ್ವಾಲಾಮುಖಿಗಳು ಒಮ್ಮೆ ಸಿಡಿದು ಮುಗಿಯುತ್ತವೆ. ಇದು ಮತ್ತೆ ಬಾಯಿ ತೆರೆಯುವುದಿಲ್ಲವೆಂದೇ ಭೂವಿಜ್ಞಾನಿಗಳ ಅಭಿಪ್ರಾಯ.

ಚಾರಣ ಶುರುವಾಗುವುದು ಕುಳಿಯ ಒಳಗಿನಿಂದ. ದಾರಿ ಒಂದು ಬದಿಗೆ 1.3 ಕಿಲೋಮೀಟರ್, ಏರು ಸುಮಾರು 170 ಮೀಟರ್. ಕರಾವಳಿ ರಕ್ಷಣೆಗೆಂದು ಅಮೆರಿಕದ ಸೇನೆ 1908ರಲ್ಲಿ ಇದನ್ನು ಕಡಿಸಿತು. ಹೇಸರಗತ್ತೆಗಳು ಸಾಮಾನು ಹೊತ್ತು ಏರಲೆಂದೇ ಇಷ್ಟೊಂದು ಅಂಕುಡೊಂಕು. ಬದಿಯ ಗೋಡೆಯನ್ನು ನಿಂತು ನೋಡಬೇಕು: ಬೂದಿಯ ತೆಳು ಪದರಗಳ ನಡುವೆ ಅಲ್ಲಲ್ಲಿ ಬಿಳಿ ಚೂರುಗಳು. ಸ್ಫೋಟ ಒಡೆದು ಮೇಲಕ್ಕೆಸೆದ ಹವಳದ ದಿಬ್ಬದ ತುಣುಕುಗಳವು. ಇಲ್ಲಿ ಹೊಳೆಯುವ ಕ್ಯಾಲ್ಸೈಟ್ ಹರಳುಗಳನ್ನೇ ಹಿಂದೆ ಪಾಶ್ಚಾತ್ಯ ನಾವಿಕರು ವಜ್ರವೆಂದು ಭ್ರಮಿಸಿದ್ದು.

ಕೊನೆಯ ಹಂತ ಮಂಡಿಗೆ ಕಷ್ಟ. 74 ಮೆಟ್ಟಿಲು, ಸುಮಾರು 69 ಮೀಟರ್ ಉದ್ದದ ಇಕ್ಕಟ್ಟಾದ ಸುರಂಗ, ಆಮೇಲೆ ಕಡಿದಾದ 99 ಮೆಟ್ಟಿಲು. ತುದಿಯಲ್ಲಿ ಫಿರಂಗಿಗಳಿಗೆ ಗುರಿ ಹೇಳುತ್ತಿದ್ದ ಸೇನೆಯ ವೀಕ್ಷಣಾ ಠಾಣೆ. ಅದನ್ನು ದಾಟಿ ಹೊರಬಂದರೆ ಕೆಳಗೆ ನೀಲಿ ಪೆಸಿಫಿಕ್, ಬುಡದಲ್ಲಿ 1917ರ ದೀಪಸ್ತಂಭ, ಪಶ್ಚಿಮಕ್ಕೆ ವೈಕೀಕಿ, ಪೂರ್ವಕ್ಕೆ ಇದೇ ಬಗೆಯಲ್ಲಿ ಹುಟ್ಟಿದ ಕೊಕೊ ಹೆಡ್. ಚಳಿಗಾಲದಲ್ಲಿ ಅದೃಷ್ಟವಿದ್ದರೆ ಗೂನುಬೆನ್ನಿನ ತಿಮಿಂಗಿಲಗಳೂ ಕಾಣುತ್ತವೆ.

ದಾರಿಯುದ್ದಕ್ಕೂ ನೆರಳು ಕಡಿಮೆ, ಆದ್ದರಿಂದ ಬೆಳಗಿನ ಹೊತ್ತೇ ಮೇಲು. ಹವಾಯಿಯವರಲ್ಲದವರು 2022ರಿಂದ ಮುಂಗಡವಾಗಿ ಕಾಯ್ದಿರಿಸಲೇಬೇಕು. ನೀರು ಒಯ್ಯಿರಿ, ದಾರಿ ಬಿಟ್ಟು ಇಳಿಯಬೇಡಿ. ಗಟ್ಟಿಯಾಗಿ ಕಂಡರೂ ಈ ಕಲ್ಲು ಸುಲಭವಾಗಿ ಸವೆದು ಉದುರುತ್ತದೆ.