ಲಕ್ಷದ್ವೀಪಕ್ಕೆ ಹೊರಟಿದ್ದೀರಾ? ಮೊದಲು ನೀರಿನ ಲೆಕ್ಕ ನೋಡಿ

2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪದ ಫೋಟೋ ಹಾಕಿದ್ದೇ ತಡ, ನಮ್ಮ ಕಾಲೇಜು ಗ್ರೂಪಿನಲ್ಲಿ ‘ಮಾಲ್ದೀವ್ಸ್ ಬೇಡ, ನಮ್ಮದೇ ಇದೆಯಲ್ಲ’ ಅನ್ನೋ ಮಾತು ಶುರುವಾಯಿತು. ನಾನೂ ಹೂಂ ಅಂದೆ. ಆಮೇಲೆ, ಇಂಜಿನಿಯರಿಂಗ್ ಓದಿದ ಚಾಳಿ, ಲೆಕ್ಕ ಹಾಕಲು ಕೂತೆ.

ಒಟ್ಟು ನೆಲ ಸುಮಾರು 32 ಚದರ ಕಿ.ಮೀ. 2011ರ ಜನಗಣತಿಯಂತೆ ಜನ 64 ಸಾವಿರ. ಅಂದರೆ ಚದರ ಕಿ.ಮೀ.ಗೆ ಎರಡು ಸಾವಿರ ಮಂದಿ. ನದಿ ಇಲ್ಲ. ಹವಳದ ಮರಳಿನಡಿ, ಉಪ್ಪುನೀರಿನ ಮೇಲೆ ಮಳೆನೀರಿನ ತೆಳು ಪದರವೊಂದು ತೇಲುತ್ತಿರುತ್ತದೆ. ಬಾವಿಗಳಿಗೆ ಅದೇ ಆಧಾರ. ಜಾಸ್ತಿ ಎತ್ತಿದರೆ ಉಪ್ಪು ಮೇಲೆ ಬರುತ್ತೆ.

ಮಾಲ್ದೀವ್ಸ್‌ನಲ್ಲಿ ದೊಡ್ಡ ರೆಸಾರ್ಟ್‌ಗಳು ಬಹುತೇಕ ಊರಿಲ್ಲದ ಪ್ರತ್ಯೇಕ ದ್ವೀಪಗಳಲ್ಲಿವೆ. ಇಲ್ಲಿ ನೀವು ಇಳಿಯುವುದು ಹೆಚ್ಚಾಗಿ ಯಾರದೋ ಊರಿಗೇ.

ಹಾಗಾದರೆ ನಿಮಗೆ ಒಗ್ಗುತ್ತಾ? ಪಾರ್ಟಿ ಬೇಕೆಂದರೆ ಇಲ್ಲ, ಜನವಸತಿ ದ್ವೀಪಗಳಲ್ಲಿ ಬಹುಕಾಲದಿಂದ ಮದ್ಯ ನಿಷೇಧವಿದೆ. ವೀಕೆಂಡ್ ಪ್ಲಾನ್ ಆದರೂ ಕಷ್ಟ. ಪರ್ಮಿಟ್ ಬೇಕು, ಕೊಚ್ಚಿಯಿಂದ ಹಡಗಿಗೆ 14 ಗಂಟೆಗೂ ಮೇಲೆ ಹಿಡಿಯುತ್ತೆ. ಅದೇ ಹಡಗಿನಲ್ಲೇ ದ್ವೀಪದವರು ಕೊಚ್ಚಿಯ ಆಸ್ಪತ್ರೆಗೂ ಹೋಗಿಬರೋದು. ಮಳೆಗಾಲದಲ್ಲಂತೂ ಕಡಲು ಒರಟು.

ತಿಳಿನೀರಿನ ಲಗೂನು, ಹವಳ, ಮೀನು, ಸಂಜೆಯ ಮೌನ ಸಾಕು ಅನ್ನುವವರು ಅಕ್ಟೋಬರ್‌ನಿಂದ ಏಪ್ರಿಲ್ ಒಳಗೆ ಖಂಡಿತ ಹೋಗಿ. ಸಣ್ಣ ಹೋಮ್‌ಸ್ಟೇ ಹಿಡಿಯಿರಿ, ಬಕೆಟ್ ಸ್ನಾನ ಮಾಡಿ, ಪ್ಲಾಸ್ಟಿಕ್ ವಾಪಸ್ ತನ್ನಿ. ಖಾಸಗಿ ಈಜುಕೊಳ ಇರೋ ವಿಲ್ಲಾ ಬೇಕು ಅನ್ನುವವರು ದಯವಿಟ್ಟು ಬೇರೆ ಕಡೆ ನೋಡಿ. ದೇಶಪ್ರೇಮಕ್ಕೆ ಬುಕ್ ಮಾಡಿದ ಟಿಕೆಟ್ಟಾದರೂ, ನೀರು ಖಾಲಿಯಾಗೋದು ಅಲ್ಲಿನವರ ಬಾವಿಯಲ್ಲೇ.