ನರಮಂಡಲದಲ್ಲಿ ಸೋಡಿಯಂ ಪಂಪಿನ ರೂಪಭೇದಗಳು

ಜೀವಕೋಶದ ಒಳಗೆ ಪೊಟ್ಯಾಸಿಯಂ ಅಧಿಕ, ಹೊರಗೆ ಸೋಡಿಯಂ ಅಧಿಕ. ಈ ತಾರತಮ್ಯವೇ ನರಸಂದೇಶಕ್ಕೆ ಮೂಲಾಧಾರ. ಸಂದೇಶವು ಹರಿದಾಗಲೆಲ್ಲ ನರತಂತುವಿನೊಳಗೆ ಸೋಡಿಯಂ ನುಗ್ಗುತ್ತದೆ, ಪೊಟ್ಯಾಸಿಯಂ ಹೊರಬೀಳುತ್ತದೆ. ಕೆಟ್ಟ ಸಮತೋಲವನ್ನು ಮತ್ತೆ ಸರಿಪಡಿಸುವ ಹೊಣೆ ಕೋಶಪೊರೆಯಲ್ಲಿ ನೆಲಸಿರುವ ಒಂದು ಪ್ರೋಟೀನಿನದು. ಇದು ಎ.ಟಿ.ಪಿ.ಯ ಒಂದು ಅಣುವನ್ನು ವ್ಯಯಿಸಿ ಮೂರು ಸೋಡಿಯಂ ಅಯಾನುಗಳನ್ನು ಹೊರದೂಡಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಸೆಳೆಯುತ್ತದೆ. ಮೆದುಳು ಬಳಸುವ ಶಕ್ತಿಯಲ್ಲಿ ಬಹುದೊಡ್ಡ ಪಾಲು ಈ ಪಂಪಿಗೇ ಸಲ್ಲುತ್ತದೆಂದರೆ ಅದರ ದುಡಿಮೆ ಎಷ್ಟೆಂಬುದು ವಾಚಕರಿಗೆ ಮನವರಿಕೆಯಾದೀತು.

ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರು 1957ರಲ್ಲಿ ಸಮುದ್ರತೀರದ ಏಡಿಯ ಕಾಲಿನ ನರಗಳಲ್ಲಿ ಈ ಕಿಣ್ವವನ್ನು ಗುರುತಿಸಿದರು. ನೊಬೆಲ್ ಪಾರಿತೋಷಕ ಅವರನ್ನು ಅರಸಿ ಬಂದದ್ದು ನಲವತ್ತು ವರ್ಷಗಳ ತರುವಾಯ, 1997ರಲ್ಲಿ. ನಮ್ಮ ಹಿತ್ತಲುಗಳಲ್ಲಿ ಬೆಳೆಯುವ ಕಣಗಿಲೆಯ ವಿಷವೂ ಇದೇ ಪಂಪನ್ನು ತಡೆದು ಹೃದಯವನ್ನು ಕೆಡಿಸುತ್ತದೆಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ನೆನೆಯಬಹುದು.

ಬಹುಕಾಲ ಈ ಪಂಪು ಎಲ್ಲ ಅಂಗಗಳಲ್ಲಿಯೂ ಒಂದೇ ಎಂದು ಭಾವಿಸಲಾಗಿತ್ತು. ಆದರೆ 1979ರಲ್ಲಿ ಅಮೆರಿಕದ ಕ್ಯಾಥ್ಲೀನ್ ಸ್ವೆಡ್ನರ್ ಅವರು ಮೆದುಳಿನಲ್ಲಿ ಎರಡು ಬಗೆಯ ಪಂಪುಗಳಿವೆಯೆಂದು ತೋರಿಸಿದರು. 1986ರಲ್ಲಿ ಇಲಿಯ ಮೆದುಳಿನ ಜೀನುಗಳ ಅಧ್ಯಯನದಿಂದ ಅವು ಎರಡಲ್ಲ, ಮೂರು ಎಂಬುದು ಖಚಿತವಾಯಿತು. ಪಂಪಿನ ಮುಖ್ಯ ಘಟಕವಾದ ಆಲ್ಫಾದ ಈ ಮೂರು ರೂಪಗಳ ಹಂಚಿಕೆಯೇ ನರವಿಜ್ಞಾನದ ಒಂದು ಸ್ವಾರಸ್ಯಕರ ಅಧ್ಯಾಯ. ವೀರ್ಯಾಣುಗಳಿಗೆ ಸೇರಿದ ನಾಲ್ಕನೆಯ ರೂಪದ ವಿಚಾರ ಇಲ್ಲಿ ಅಪ್ರಸ್ತುತ.

ಆಲ್ಫಾ-1 ಸರ್ವಾಂತರ್ಯಾಮಿ, ಮೂತ್ರಪಿಂಡದಲ್ಲಿರುವಂತೆ ನರಕೋಶದಲ್ಲಿಯೂ, ಅದನ್ನು ಪೋಷಿಸುವ ಗ್ಲಯಾ ಕೋಶದಲ್ಲಿಯೂ ಇದೆ. ಆಲ್ಫಾ-2 ಪ್ರಾಪ್ತವಯಸ್ಕ ಮೆದುಳಿನಲ್ಲಿ ಮುಖ್ಯವಾಗಿ ನಕ್ಷತ್ರಾಕಾರದ ಗ್ಲಯಾ ಕೋಶಗಳಿಗೆ ಮೀಸಲು. ನರಕೋಶಗಳ ನಡುವೆ ಸಂಚಯವಾಗುವ ಪೊಟ್ಯಾಸಿಯಮನ್ನು ಹೀರಿಕೊಳ್ಳುವುದಕ್ಕೂ, ಗ್ಲುಟಮೇಟ್ ಎಂಬ ಉದ್ರೇಕಕಾರಿ ದ್ರವ್ಯವನ್ನು ಅಲ್ಲಿಂದ ತೆಗೆದುಹಾಕುವುದಕ್ಕೂ ಅದು ನೆರವಾಗುತ್ತದೆ. ಆಲ್ಫಾ-3 ಮೆದುಳಿನಲ್ಲಿ ನರಕೋಶಗಳದೇ ಸ್ವತ್ತು. ಕಿರುಮೆದುಳಿನ ಪರ್ಕಿಂಜೆ ಕೋಶಗಳಲ್ಲಿಯೂ, ಚಲನೆಯನ್ನು ನಿಯಂತ್ರಿಸುವ ಆಳದ ನರಗಂಟುಗಳಲ್ಲಿಯೂ, ಸ್ನಾಯುವಿನ ಸೆಳೆತವನ್ನು ಬೆನ್ನುಹುರಿಗೆ ತಿಳಿಸುವ ಸಂವೇದಕ ನರಗಳಲ್ಲಿಯೂ ಅದು ಕಾಣಸಿಗುತ್ತದೆ. ಒಳಗಿನ ಸೋಡಿಯಂ ಸ್ವಲ್ಪವೇ ಇದ್ದಾಗ ಆಲ್ಫಾ-3ರ ಕೆಲಸ ಮಂದ. ಸಂದೇಶಗಳ ಮೇಲೆ ಸಂದೇಶಗಳು ಹರಿದು ಸೋಡಿಯಂ ಏರಿದಾಗ ಅದು ಚುರುಕಾಗುತ್ತದೆ. ದಿನನಿತ್ಯದ ಪಾಲನೆ ಆಲ್ಫಾ-1ರದು, ದಟ್ಟಣೆಯ ನಿವಾರಣೆ ಆಲ್ಫಾ-3ರದು ಎನ್ನಬಹುದು.

ರೂಪ ಎಲ್ಲಿದೆಯೋ ರೋಗವೂ ಅಲ್ಲಿಯೇ ತಲೆದೋರುತ್ತದೆ. ಆಲ್ಫಾ-2ರ ಜೀನಿನ ದೋಷದಿಂದ ವಂಶಪಾರಂಪರ್ಯವಾಗಿ ಬರುವ ಒಂದು ಬಗೆಯ ಅರೆತಲೆನೋವು ಉಂಟಾಗುತ್ತದೆಂದು 2003ರಲ್ಲಿ ತಿಳಿದುಬಂದಿತು. ನೋವಿನೊಡನೆ ದೇಹದ ಒಂದು ಪಾರ್ಶ್ವ ಕೆಲಕಾಲ ಬಲಗುಂದುವುದು ಅದರ ಲಕ್ಷಣ. ಆಲ್ಫಾ-3ರ ದೋಷವು ಆರೋಗ್ಯವಂತರಾಗಿ ತೋರುತ್ತಿದ್ದವರ ಅಂಗಾಂಗಗಳನ್ನು, ಜ್ವರ ಅಥವಾ ತೀವ್ರ ಮಾನಸಿಕ ಒತ್ತಡದ ನಂತರ, ಕೆಲವೇ ಗಂಟೆ ಇಲ್ಲವೆ ದಿನಗಳಲ್ಲಿ ಸೆಟೆಯಿಸಿಬಿಡಬಲ್ಲದೆಂದು 2004ರಲ್ಲಿ ಕಂಡುಬಂದಿತು.

ಇವೆಲ್ಲಕ್ಕಿಂತ ಮನಕಲಕುವುದು ಶಿಶುಗಳ ವ್ಯಾಧಿ. ಒಂದೂವರೆ ವರ್ಷ ತುಂಬುವ ಮೊದಲೇ ಮಗುವಿಗೆ ಒಮ್ಮೆ ಬಲಪಾರ್ಶ್ವ, ಇನ್ನೊಮ್ಮೆ ಎಡಪಾರ್ಶ್ವ ಸೋತುಹೋಗುತ್ತದೆ. ಮಗು ನಿದ್ರಿಸಿದೊಡನೆ ಸೋಲು ಮಾಯವಾಗುತ್ತದೆ. ಮೂರ್ಛೆರೋಗವೆಂದು ತಪ್ಪಾಗಿ ಭಾವಿಸಲ್ಪಟ್ಟು ವರ್ಷಗಟ್ಟಲೆ ಔಷಧ ನುಂಗಿದ ಮಕ್ಕಳಿದ್ದಾರೆ. ಇಂತಹ ಮಕ್ಕಳಲ್ಲಿ ಬಹುಪಾಲಿನವರಿಗೆ ಆಲ್ಫಾ-3ರ ಜೀನಿನ ವ್ಯತ್ಯಯವೇ ಕಾರಣವೆಂದು 2012ರಲ್ಲಿ ಸ್ಪಷ್ಟಪಟ್ಟಿತು. ಈ ವ್ಯತ್ಯಯ ಸಾಮಾನ್ಯವಾಗಿ ತಂದೆತಾಯಿಗಳಿಂದ ಬಂದುದಲ್ಲ. ಮಗುವಿನಲ್ಲಿ ಹೊಸತಾಗಿ ಉಂಟಾದುದು. ಗರ್ಭಕಾಲದ ಆಹಾರವನ್ನೋ ಗ್ರಹಣವನ್ನೋ ನೆನೆದು ತನ್ನನ್ನೇ ದೂಷಿಸಿಕೊಳ್ಳುವ ತಾಯಿಗೆ ವೈದ್ಯರು ಮೊದಲು ತಿಳಿಸಬೇಕಾದ ಸಂಗತಿ ಇದೇ. ರಕ್ತದ ಮಾದರಿಯಿಂದ ಈ ಜೀನನ್ನು ಪರೀಕ್ಷಿಸಲು ಈಗ ಸಾಧ್ಯವಿದೆ.