ಬಾಪರ ಯೆಜ್ಡಿಗೂ ಪಾಲು ಉಂಟು

ಮನೆಯ ಯಜಮಾನರು ತೀರಿಕೊಂಡ ಮೇಲೆ ಪಾಲಿನ ಮಾತು ಎದ್ದಾಗ ನಮ್ಮವರಲ್ಲಿ ಮೊದಲು ಲೆಕ್ಕಕ್ಕೆ ಬರುವುದು ಜಾಗ. ಆಮೇಲೆ ಅಡಿಕೆ ತೋಟ, ಅಂಗಡಿ, ಬ್ಯಾಂಕಿನ ಹಣ, ಚಿನ್ನ. ಕೈಗಡಿಯಾರ, ಹೊಲಿಗೆ ಮೆಷಿನ್, ಕೊಟ್ಟಿಗೆ ಮೂಲೆಯಲ್ಲಿ ಗೋಣಿ ಹೊದ್ದು ನಿಂತ ಬೈಕ್, ಇವೆಲ್ಲ ಯಾರ ಕೈಗೆ ಸಿಕ್ಕಿತೋ ಅವರದ್ದು. ಹಳೇ ಬೈಕಲ್ವಾ, ಅದಕ್ಕೆಂತ ಲೆಕ್ಕ ಅಂತ ಬಿಟ್ಟುಬಿಡ್ತಾರೆ. ಮಯ್ಯಿತ್ ಬಿಟ್ಟುಹೋದದ್ದು ಸೂಜಿಯಾದರೂ ಅದು ವಾರಸುದಾರರೆಲ್ಲರ ಸೊತ್ತು ಎಂದು ಮದ್ರಸದಲ್ಲಿ ಮಕ್ಕಳಿಗೆ ಹೇಳಿಕೊಡುವವರು ನಾವು. ಬಾಪ ವಫಾತಾದಾಗ ಅದೇ ಪಾಠ ನಮ್ಮ ಮನೆಯ ಕೊಟ್ಟಿಗೆಗೆ ಬಂದು ನಿಂತಿತು.

ಬಾಪರ ಗಾಡಿ 1974ರ ಯೆಜ್ಡಿ 250. ಅವರೇ ಶೋರೂಮಿನಿಂದ ತಂದದ್ದಲ್ಲ. ಅಡಿಕೆ ವ್ಯಾಪಾರ ಶುರು ಮಾಡಿದ ಮೇಲೆ 1983ರಲ್ಲಿ ಸೆಕೆಂಡ್‌ಹ್ಯಾಂಡ್ ತಗೊಂಡದ್ದು. ಹಿಂದಿನ ಸೀಟಿಗೆ ಅಡ್ಡಲಾಗಿ ಗೋಣಿಚೀಲ, ಮುಂದೆ ಟ್ಯಾಂಕಿನ ಮೇಲೆ ನಮ್ಮಲ್ಲಿ ಒಬ್ಬರು. ಘಟ್ಟದ ಬುಡದ ರಸ್ತೆಗಳಲ್ಲಿ ಅದರ ಸದ್ದು ಒಂದು ಗುಡ್ಡ ಆಚೆಯಿಂದಲೇ ಕೇಳ್ತಿತ್ತು, ಉಮ್ಮ ಆಗಲೇ ಚಾಕ್ಕೆ ನೀರಿಡ್ತಿದ್ದರು. ಕೊನೆಯ ಹತ್ತು ಹನ್ನೆರಡು ವರ್ಷ ಗಾಡಿ ಓಡಲಿಲ್ಲ. ದಮ್ಮಾಮಿನಲ್ಲಿರುವ ತಮ್ಮ ಫೋನಿನಲ್ಲಿ ಹೇಳಿದ, ಗುಜರಿಗೆ ಹಾಕಿ ಬಿಡಿ ಅಂತ. ಗುಜರಿಯವರು ಬಂದು ನೋಡಿ 4,000 ರೂಪಾಯಿ ಅಂದರು. ಅವರ ಕಣ್ಣು ಗಾಡಿಯ ಮೇಲೆ ಸ್ವಲ್ಪ ಹೆಚ್ಚೇ ಹೊತ್ತು ನಿಂತದ್ದು ನೋಡಿ ನಮಗೆ ಸಂಶಯ ಬಂತು. ಬೆಲೆ ಗೊತ್ತಾಗದೆ ಕೊಡುವುದು ಬೇಡ ಎಂದು ಗೋಣಿ ಪುನಃ ಹೊದಿಸಿದೆವು.

ಯೆಜ್ಡಿ ನಮ್ಮ ರಾಜ್ಯದ್ದೇ ಗಾಡಿ. ಜಾವಾ ಎಂಬುದು ಮೂಲದಲ್ಲಿ ಚೆಕೋಸ್ಲೊವಾಕಿಯದ ಕಂಪೆನಿ, 1929ರಲ್ಲಿ ಶುರುವಾದದ್ದು. ಯಾನೆಚೆಕ್ ಎಂಬವರು ಜರ್ಮನಿಯ ವಾಂಡರರ್ ಕಂಪೆನಿಯಿಂದ ಬೈಕ್ ತಯಾರಿಯ ಹಕ್ಕು ಕೊಂಡಾಗ ಎರಡೂ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಜಾವಾ ಆಯಿತು. ಇಂಡೋನೇಷ್ಯಾದ ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ, ಎಷ್ಟೋ ಜನ ಹಾಗೇ ತಿಳಿದುಕೊಂಡಿದ್ದಾರೆ. ಮುಂಬೈಯಲ್ಲಿ ಈ ಬೈಕ್ ತರಿಸಿ ಮಾರುತ್ತಿದ್ದ ಇರಾನಿ ಮನೆತನದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. ಜಾವಾ ಹೆಸರಿನ ಬದಲು 1973ರಿಂದ ಯೆಜ್ಡಿ ಎಂಬ ಹೆಸರು ಬಂತು. ಇರಾನಿನ ಯಜ್ದ್ ನಗರದ ನೆನಪಿಗೆ ಇಟ್ಟ ಹೆಸರದು. ಅಂದರೆ ಬಾಪರ ಗಾಡಿ ಹೆಸರು ಬದಲಾದ ಮರುವರ್ಷದ್ದು. ಟ್ಯಾಂಕಿನ ಮೇಲೆ ಹೆಸರು ಬೇರೆ, ಒಳಗಿನ ಎಂಜಿನ್ ಹೆಚ್ಚುಕಡಿಮೆ ಅದೇ ಜಾವಾ.

ಆ ಎಂಜಿನ್ನಿನ ಕೆಲಸ ನೋಡಿದರೆ ಈಗಿನ ಹುಡುಗರಿಗೆ ಆಶ್ಚರ್ಯ ಆಗ್ತದೆ. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕಿಕ್ಕರ್ ಮತ್ತು ಗೇರ್ ಬೇರೆಬೇರೆ ಇಲ್ಲ, ಒಂದೇ ಲಿವರ್. ಒಳಕ್ಕೆ ಒತ್ತಿ ತಿರುಗಿಸಿದರೆ ಕಿಕ್, ಗಾಡಿ ಸ್ಟಾರ್ಟ್ ಆದ ಮೇಲೆ ಅದೇ ಗೇರ್. ಗೇರ್ ಹಾಕುವಾಗ ಲಿವರೇ ಕ್ಲಚ್ಚನ್ನೂ ಬಿಡಿಸುತ್ತದೆ. ಟೂ ಸ್ಟ್ರೋಕ್ ಆದ ಕಾರಣ ಪೆಟ್ರೋಲಿನ ಜೊತೆಗೇ ಎಣ್ಣೆ ಬೆರೆಸಬೇಕು, ಲೀಟರಿಗೆ ಸುಮಾರು 40 ಮಿಲಿಲೀಟರ್. ಹೊಗೆ ಬರುವುದು ಅದರಿಂದಲೇ. ಬಾಪ ಎಣ್ಣೆ ಅಳೆಯಲು ಇಟ್ಟುಕೊಂಡಿದ್ದದ್ದು ಕೆಮ್ಮಿನ ಔಷಧದ ಹಳೆಯ ಅಳತೆ ಮುಚ್ಚಳ. ಅದೂ ಟೂಲ್ ಬಾಕ್ಸಿನಲ್ಲಿ ಹಾಗೆಯೇ ಸಿಕ್ಕಿತು.

1985ರಲ್ಲಿ ಹೀರೋ ಹೋಂಡಾ ಬಂತು. ಲೀಟರಿಗೆ 80 ಕಿ.ಮೀ. ಎಂದು ಜಾಹೀರಾತು. ನಾಲ್ಕು ಕಾಸು ಉಳಿಸುವ ವ್ಯಾಪಾರಿ ಮತ್ತೆ ಯೆಜ್ಡಿ ಯಾಕೆ ತಗೊಳ್ತಾನೆ? ಮೇಲಿಂದ ಹೊಗೆಯ ಕಾನೂನು ಬಿಗಿಯಾಯಿತು, ಕಂಪೆನಿಯೊಳಗೂ ತೊಂದರೆಗಳು. 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಬೈಕುಗಳು ಪುನಃ ಬಂದವು. ಅವು ಫೋರ್ ಸ್ಟ್ರೋಕ್, ತಯಾರಾಗುವುದೂ ಮೈಸೂರಿನಲ್ಲಲ್ಲ. ಹೊಸದು ಬಂದದ್ದರಿಂದ ಹಳೆಯದಕ್ಕೆ ಬೆಲೆ ಬಿತ್ತು ಎಂದುಕೊಳ್ಳಬೇಡಿ. ಮೈಸೂರಿನ ಹಳೆ ಗಾಡಿಯನ್ನೇ ಹುಡುಕುವವರು ಬೇರೆ ಉಂಟು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಎಂದು ಊರೂರಲ್ಲಿ ಅವರು ಸೇರುತ್ತಾರೆ.

ಬೆಲೆ ಕಟ್ಟಲು ಅಂಥವರನ್ನೇ ಇಬ್ಬರನ್ನು ಬೇರೆಬೇರೆ ದಿನ ಕರೆದೆವು. ಇಬ್ಬರೂ ಮೊದಲು ಕೇಳಿದ್ದು ಆರ್‌ಸಿ ಪುಸ್ತಕ. ಎಂವೈ ಎಂದು ಶುರುವಾಗುವ ಹಳೆಯ ನಂಬರ್, ಕೈಬರಹದ ಪುಸ್ತಕ. ಅದರಲ್ಲಿದ್ದ ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡೂ ಗಾಡಿಯ ಮೇಲಿನದ್ದಕ್ಕೆ ತಾಳೆಯಾಯಿತು. ಎಂಜಿನ್ ಬದಲಾಗಿದ್ದರೆ ಬೆಲೆ ಅರ್ಧಕ್ಕೆ ಇಳಿಯುತ್ತಿತ್ತಂತೆ. ಆಮೇಲೆ ಟ್ಯಾಂಕಿನ ಬದಿಯ ಕ್ರೋಮ್, ಮೊಣಕಾಲು ತಾಗುವಲ್ಲಿನ ರಬ್ಬರ್, ಸ್ಪೀಡೋಮೀಟರ್ ನೋಡಿದರು. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಕ್ರೋಮ್ ತುಕ್ಕು ಹಿಡಿದಿತ್ತು. ಮಾರುವ ಮೊದಲು ಪೇಂಟ್ ಹೊಡೆಸಿ ಚಂದ ಮಾಡಬೇಕಾ ಎಂದು ಕೇಳಿದ್ದಕ್ಕೆ ಇಬ್ಬರೂ ಬೇಡವೇ ಬೇಡ ಎಂದರು. ಮಾಸಿದ್ದಾದರೂ ಕಂಪೆನಿಯ ಮೂಲ ಬಣ್ಣಕ್ಕೇ ಬೆಲೆ ಹೆಚ್ಚು. ಒಬ್ಬರು 90,000 ಎಂದರು, ಇನ್ನೊಬ್ಬರು ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ. ಮನೆಯವರೆಲ್ಲ ಕೂತು ನಡುವಿನ 96,000 ಎಂದು ಒಪ್ಪಿಕೊಂಡೆವು.

ಈಗ ಪಾಲು. ಬಾಪರ ಮೇಲೆ ಇದ್ದ ಸಾಲ ಮೊದಲೇ ತೀರಿಸಿಯಾಗಿತ್ತು. ಉಮ್ಮ, ಗಂಡುಮಕ್ಕಳು ಇಬ್ಬರು, ಹೆಣ್ಣುಮಕ್ಕಳು ಇಬ್ಬರು. ಮಕ್ಕಳಿರುವಾಗ ಹೆಂಡತಿಗೆ ಎಂಟರಲ್ಲಿ ಒಂದು, ಅಂದರೆ 12,000. ಉಳಿದ 84,000ವನ್ನು ಆರು ಭಾಗ ಮಾಡಿ ಗಂಡಿಗೆ ಎರಡೆರಡು, ಹೆಣ್ಣಿಗೆ ಒಂದೊಂದು. ನಮಗೆ 28,000, ತಮ್ಮನಿಗೆ 28,000, ಅಕ್ಕನಿಗೆ 14,000, ತಂಗಿಗೆ 14,000. ಗಾಡಿ ಇಟ್ಟುಕೊಳ್ಳುವ ಆಸೆ ನಮ್ಮದು, ಹಾಗಾಗಿ ಉಳಿದವರಿಗೆ ನಮ್ಮ ಕೈಯಿಂದ 68,000 ಹೋಗಬೇಕು. ಮದ್ರಸದ ಸಂಬಳದಲ್ಲಿ ಇದು ಸಣ್ಣ ಮೊತ್ತವಲ್ಲ ಎಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಕೆಲವರು ಹೇಳಿದರು, ಉಸ್ತಾದರೇ, ಬಾಪ ಬದುಕಿರುವಾಗಲೇ ನಿಮಗೆ ಎಂದು ಹೇಳಿದ್ದರಲ್ಲ. ಹೇಳಿದ್ದು ಹೌದು. ಆದರೆ ಬಾಯಲ್ಲಿ ಹೇಳಿ ಕೀಲಿಕೈ ತಮ್ಮ ಹತ್ತಿರವೇ ಇಟ್ಟುಕೊಂಡರೆ ಅದು ಹಿಬಾ ಆಗುವುದಿಲ್ಲ, ಕೊಟ್ಟ ವಸ್ತು ಪಡೆದವನ ಕೈಗೆ ಬರಬೇಕು. ನನ್ನ ನಂತರ ಅವನಿಗೆ ಎಂದರೆ ಅದು ವಸಿಯ್ಯತ್. ವಾರಸುದಾರನಿಗೆ ಮಾಡುವ ವಸಿಯ್ಯತ್ ಉಳಿದ ವಾರಸುದಾರರು ಒಪ್ಪದೆ ನಡೆಯುವುದಿಲ್ಲ. ಇನ್ನೊಂದು ರೂಢಿ ಉಂಟು, ಅಕ್ಕತಂಗಿಯರ ಹತ್ತಿರ ಅಡುಗೆಮನೆ ಬಾಗಿಲಲ್ಲಿ ನಿಂತು, ನಿಮಗೆ ಬೇಡವಲ್ಲ ಎಂದು ಕೇಳುವುದು. ಅವರು ಬೇಡ ಎಂದೇ ಹೇಳ್ತಾರೆ, ತವರಿಗೆ ಬರುವ ದಾರಿ ಕಡಿಯಬಾರದು ಎಂಬ ಹೆದರಿಕೆಗೆ. 4,000ದ ಗುಜರಿ ಎಂದುಕೊಂಡು ಬಿಟ್ಟುಕೊಟ್ಟದ್ದೂ 96,000ದ ಗಾಡಿ ಎಂದು ಗೊತ್ತಿದ್ದು ಬಿಟ್ಟುಕೊಟ್ಟದ್ದೂ ಒಂದೇ ಆಗ್ತದಾ? ಹಾಗಾಗಿ ಮೊತ್ತವನ್ನು ಕಾಗದದಲ್ಲಿ ಬರೆದು ಅವರ ಕೈಗೆ ಕೊಟ್ಟ ಮೇಲೆಯೇ ಕೇಳಿದೆವು.

ತಂಗಿ ಕಾಗದ ನೋಡಿ ನಕ್ಕು, ನನ್ನದು ಬಿಟ್ಟೆ, ವರ್ಷಕ್ಕೊಮ್ಮೆ ಮಕ್ಕಳನ್ನು ಕೂರಿಸಿ ಒಂದು ರೌಂಡ್ ಹೊಡೆಸಿ ಎಂದಳು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗಳ ಕಾಲೇಜಿನ ಫೀಸ್ ಉಂಟು, ನನಗೆ ಹಣ ಬೇಕು ಎಂದರು. ನಮಗೆ ನಿಜವಾಗಿ ಸಮಾಧಾನವಾದದ್ದು ಆ ಮಾತಿಗೆ. ಅವರಿಗೆ ಮೊದಲು ಕೊಟ್ಟೆವು. ತಮ್ಮನದ್ದು ಕಂತಿನಲ್ಲಿ.

ಕಾಗದಪತ್ರದ ಬಗ್ಗೆ ಎರಡು ಮಾತು. ವಾಹನದ ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ಮರಣ ಪ್ರಮಾಣಪತ್ರ, ಆರ್‌ಸಿ, ಇನ್ಶೂರೆನ್ಸ್ ಜೊತೆಗೆ ಉಳಿದ ವಾರಸುದಾರರ ಒಪ್ಪಿಗೆ ಪತ್ರವೂ ಕೇಳ್ತಾರೆ. ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ನೋಂದಣಿಯ ನಿಯಮ 2021ರಲ್ಲಿ ಬಂದಿದೆ, ನಂಬರಿನಲ್ಲಿ ವಿಎ ಎಂಬ ಅಕ್ಷರ ಇರ್ತದೆ. ಆದರೆ ಆ ನೋಂದಣಿ ಮಾಡಿಸಿದರೆ ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ, ಪ್ರದರ್ಶನ, ರ್ಯಾಲಿ, ರಿಪೇರಿ, ಪೆಟ್ರೋಲಿಗೆ ಮಾತ್ರ. ಜುಮುಅಕ್ಕೆ ಹೋಗಿ ಬರಲು ಆಗದ ಗಾಡಿ ನಮಗ್ಯಾಕೆ? ನಾವು ಫಿಟ್‌ನೆಸ್ ಮಾಡಿಸಿ ಸಾಮಾನ್ಯ ನೋಂದಣಿಯನ್ನೇ ಐದು ವರ್ಷಕ್ಕೆ ನವೀಕರಿಸಲು ಹೊರಟಿದ್ದೇವೆ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದಾಗಿದೆ, ಕ್ಲಚ್ ಪ್ಲೇಟಿನ ಕಾರ್ಕ್ ಮೈಸೂರಿನಿಂದ ಬರಲಿಕ್ಕೆ ಉಂಟು.

ಉಮ್ಮನ 12,000ವನ್ನು ಅವರ ಕೈಗೇ ಕೊಟ್ಟೆವು. ಎಣಿಸಿ, ಕರವಸ್ತ್ರದಲ್ಲಿ ಕಟ್ಟಿ ಪೆಟ್ಟಿಗೆಗೆ ಹಾಕಿದರು. ಎಂತಕ್ಕೆ ಎಂದು ನಾವು ಕೇಳಲಿಲ್ಲ.